ಕೈಗಾದ ನೀರು, ನಮ್ಮ ಬೋರ್‌ವೆಲ್ ನೀರು

(ಹುಳಿಮಾವಿನಲ್ಲಿ ನಡೆದ ತಿಂಗಳ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಇಂದಿನ ವಿಷಯ ಪರಮಾಣುವಿನ ರಚನೆ ಎಂದು ಆಮಂತ್ರಣದಲ್ಲಿ ಅಚ್ಚಾಗಿದೆ. ಅದನ್ನು ಓದಿದ ಮೇಲೂ ಇಷ್ಟು ಜನ ಬಂದಿದ್ದೀರಿ, ಸಂತೋಷ. ನಾನು ಭೌತವಿಜ್ಞಾನಿ ಅಲ್ಲ, ಸಿವಿಲ್ ಎಂಜಿನಿಯರು. ಸರಕಾರಿ ನೌಕರಿಯ ಹೆಚ್ಚಿನ ಕಾಲ ಕುಡಿಯುವ ನೀರಿನ ಕೆಲಸಗಳಲ್ಲೇ ಹೋಯಿತು. ಆದ್ದರಿಂದ ಪರಮಾಣುವನ್ನೂ ನೀರಿನ ದಾರಿಯಿಂದಲೇ ತೋರಿಸುತ್ತೇನೆ.

ಎರಡು ನೀರುಗಳನ್ನು ನಿಮ್ಮ ಎದುರಿಗೆ ಇಡುತ್ತೇನೆ. ಒಂದು, 2009ರ ನವೆಂಬರಿನಲ್ಲಿ ಉತ್ತರ ಕನ್ನಡದ ಕೈಗಾ ಅಣುವಿದ್ಯುತ್ ಸ್ಥಾವರದಲ್ಲಿ ಕೆಲಸಗಾರರು ಕೂಲರಿನಿಂದ ಹಿಡಿದು ಕುಡಿದ ನೀರು. ಇನ್ನೊಂದು, ನಮ್ಮ ಹುಳಿಮಾವು, ಅರಕೆರೆ, ಬೇಗೂರು ಕಡೆಯ ಬೋರ್‌ವೆಲ್ ನೀರು. ಎರಡರ ಬಗ್ಗೆಯೂ ಜನ ಆಡುವ ಮಾತು ಒಂದೇ, 'ನೀರಿನಲ್ಲಿ ವಿಕಿರಣ ಇದೆಯಂತೆ'. ಆದರೆ ಕೈಗಾದ ನೀರಿನಲ್ಲಿ ಕೆಡುಕು ಇದ್ದದ್ದು ಪರಮಾಣುವಿನ ಒಳಗೆ. ಬೋರ್‌ವೆಲ್ ನೀರಿನ ಕೆಡುಕು ಪರಮಾಣುವಿನ ಹೊರಮೈಯದು. ಈ ವ್ಯತ್ಯಾಸ ಗೊತ್ತಿಲ್ಲದಿದ್ದರೆ ಹೆದರಬೇಕಾದ ಕಡೆ ಸುಮ್ಮನಿರುತ್ತೇವೆ, ಸುಮ್ಮನಿರಬೇಕಾದ ಕಡೆ ಹೆದರಿ ಸಾಯುತ್ತೇವೆ.

ಮೊದಲು ಒಂದು ಪದದ ಜಗಳ ಬಗೆಹರಿಸಿಕೊಳ್ಳೋಣ. ಶಾಲೆಯ ಪುಸ್ತಕದಲ್ಲಿ ಪರಮಾಣು ಎಂದರೆ ಒಂಟಿ, ಅಣು ಎಂದರೆ ಪರಮಾಣುಗಳು ಸೇರಿ ಆದದ್ದು. ಎರಡು ಹೈಡ್ರೋಜನ್ ಪರಮಾಣು, ಒಂದು ಆಕ್ಸಿಜನ್ ಪರಮಾಣು ಸೇರಿದರೆ ನೀರಿನ ಒಂದು ಅಣು. ಪತ್ರಿಕೆಯವರು ಮಾತ್ರ ಅಣುಬಾಂಬು, ಅಣುಸ್ಥಾವರ, ಅಣುವಿದ್ಯುತ್ ಎಂದೇ ಬರೆಯುತ್ತಾರೆ. ಅಲ್ಲೆಲ್ಲ ನಡೆಯುವ ಕೆಲಸ ಅಣುವಿನದಲ್ಲ, ಪರಮಾಣುವಿನ ಗರ್ಭದಲ್ಲಿರುವ ನ್ಯೂಕ್ಲಿಯಸ್ಸಿನದು. ರೂಢಿಗೆ ಬಂದದ್ದನ್ನು ತಿದ್ದಲು ನಾನು ಹೋಗುವುದಿಲ್ಲ. ಮಕ್ಕಳು ಪರೀಕ್ಷೆಯಲ್ಲಿ ಪುಸ್ತಕದ ಪ್ರಕಾರವೇ ಬರೆಯಿರಿ. ಇನ್ನು, ನಮ್ಮ ಹಳೆಯ ಗ್ರಂಥಗಳಲ್ಲಿ ಪರಮಾಣು ಎಂಬ ಪದವಿದೆ, ಆದ್ದರಿಂದ ಇದೆಲ್ಲ ನಮ್ಮವರಿಗೆ ಮೊದಲೇ ಗೊತ್ತಿತ್ತು ಎನ್ನುವವರಿದ್ದಾರೆ. ಒಡೆಯಲಾಗದ ಕಣದ ಬಗ್ಗೆ ವೈಶೇಷಿಕರು ತರ್ಕ ಮಾಡಿದ್ದು ನಿಜ, ಅದು ದೊಡ್ಡ ಯೋಚನೆಯೇ. ಆದರೆ ನಾನು ಈಗ ಹೇಳುವ ಪರಮಾಣು ಒಡೆಯುತ್ತದೆ. ಅದಕ್ಕೆ ತೂಕವಿದೆ, ಅಳತೆಯಿದೆ. ಹೆಸರು ಒಂದಾದ ಮಾತ್ರಕ್ಕೆ ವಸ್ತು ಒಂದಾಗುವುದಿಲ್ಲ.

ಈಗ ಒಳಗೆ ಇಣುಕೋಣ. ನಡುವೆ ನ್ಯೂಕ್ಲಿಯಸ್. ಅದರಲ್ಲಿ ಧನ ವಿದ್ಯುತ್ತಿನ ಪ್ರೋಟಾನ್‌ಗಳು ಮತ್ತು ಯಾವ ವಿದ್ಯುತ್ತೂ ಇಲ್ಲದ ನ್ಯೂಟ್ರಾನ್‌ಗಳು. ಸುತ್ತಲೂ ಋಣ ವಿದ್ಯುತ್ತಿನ ಎಲೆಕ್ಟ್ರಾನ್‌ಗಳು. ಪ್ರೋಟಾನ್ ಎಷ್ಟೋ ಎಲೆಕ್ಟ್ರಾನ್ ಅಷ್ಟೇ, ಲೆಕ್ಕ ಸರಿಹೋಗುತ್ತದೆ. ಒಂದು ಯುರೇನಿಯಂ ಪರಮಾಣು ಒಂದು ಕಿಲೋಮೀಟರ್ ಅಗಲದ ಕೆರೆಯಷ್ಟಿದೆ ಎಂದುಕೊಳ್ಳಿ. ನ್ಯೂಕ್ಲಿಯಸ್ ಆ ಕೆರೆಯ ನಡುವೆ ತೇಲುವ ಒಂದು ನಿಂಬೆಹಣ್ಣು. ಆದರೆ ತೂಕ ಹೆಚ್ಚುಕಡಿಮೆ ಎಲ್ಲವೂ ಆ ನಿಂಬೆಹಣ್ಣಿನಲ್ಲೇ ಇದೆ. ತೆಳ್ಳನೆಯ ಚಿನ್ನದ ಹಾಳೆಯ ಮೇಲೆ ಆಲ್ಫಾ ಕಣಗಳನ್ನು ಹಾಯಿಸಿದಾಗ ಬಹುಪಾಲು ಕಣಗಳು ನೆಟ್ಟಗೆ ದಾಟಿ ಹೋದವು, ಎಲ್ಲೋ ಕೆಲವು ಹಿಂದಕ್ಕೆ ಪುಟಿದವು. ಆ ಪುಟಿದ ಕೆಲವನ್ನು ಹಿಡಿದುಕೊಂಡು 1911ರಲ್ಲಿ ರುದರ್‌ಫೋರ್ಡ್ ಈ ನಿಂಬೆಹಣ್ಣನ್ನು ಕಂಡುಹಿಡಿದರು. ನ್ಯೂಟ್ರಾನ್ ಸಿಕ್ಕಿದ್ದು ಇಪ್ಪತ್ತೊಂದು ವರ್ಷ ತಡವಾಗಿ, 1932ರಲ್ಲಿ. ಅದಕ್ಕೆ ವಿದ್ಯುತ್ತಿಲ್ಲವಲ್ಲ, ಹಿಡಿಯುವುದು ಕಷ್ಟ.

ಈ ಎರಡು ಭಾಗಗಳ ಕೆಲಸ ಬೇರೆ ಬೇರೆ. ಇದೊಂದನ್ನು ನೆನಪಿಟ್ಟುಕೊಂಡರೆ ಉಳಿದದ್ದು ಸುಲಭ. ಹೊರಗಿನ ಎಲೆಕ್ಟ್ರಾನ್‌ಗಳದು ಲೋಕವ್ಯವಹಾರ. ಕಬ್ಬಿಣ ತುಕ್ಕು ಹಿಡಿಯುವುದು, ಸುಣ್ಣ ಅರಳುವುದು, ಸಿಮೆಂಟು ಗಟ್ಟಿಯಾಗುವುದು, ಒಲೆ ಉರಿಯುವುದು, ಉಂಡ ರೊಟ್ಟಿ ರಕ್ತವಾಗುವುದು, ಎಲ್ಲವೂ ಎಲೆಕ್ಟ್ರಾನ್‌ಗಳ ಕೊಡುಕೊಳ್ಳುವಿಕೆ. ಇದಕ್ಕೆ ರಸಾಯನ ಎಂದು ಹೆಸರು. ನ್ಯೂಕ್ಲಿಯಸ್ ಇದರಲ್ಲಿ ತಲೆಹಾಕುವುದಿಲ್ಲ. ಕುದಿಸಿ, ಆಸಿಡ್ ಸುರಿಯಿರಿ, ತಾಮ್ರದ ಬಿಂದಿಗೆಯಲ್ಲಿ ರಾತ್ರಿಯಿಡೀ ಇಡಿ, ಮಂತ್ರ ಹೇಳಿ. ನ್ಯೂಕ್ಲಿಯಸ್ಸಿಗೆ ಅದು ಗೊತ್ತೇ ಆಗುವುದಿಲ್ಲ.

ಒಂದು ಪರಮಾಣು ಯಾವ ಧಾತು ಎಂದು ನಿರ್ಧರಿಸುವುದು ಪ್ರೋಟಾನ್‌ಗಳ ಎಣಿಕೆ. ಒಂದಿದ್ದರೆ ಹೈಡ್ರೋಜನ್, ಎಂಟಿದ್ದರೆ ಆಕ್ಸಿಜನ್, 79 ಇದ್ದರೆ ಚಿನ್ನ, 80 ಇದ್ದರೆ ಪಾದರಸ, 82 ಇದ್ದರೆ ಸೀಸ, 92 ಇದ್ದರೆ ಯುರೇನಿಯಂ. ಪಾದರಸದಿಂದ ಒಂದೇ ಒಂದು ಪ್ರೋಟಾನ್ ತೆಗೆದರೆ ಚಿನ್ನ! ಎಷ್ಟು ಜನ ರಸವಾದಿಗಳು, ಸ್ಪರ್ಶಮಣಿ ಹುಡುಕಿದವರು ಎಷ್ಟು ಪುಟ ಹಾಕಿ ಹಾಕಿ ಹೊಗೆ ಕುಡಿದು ಸತ್ತರೋ. ಅವರು ಕೈ ಹಾಕಿದ್ದು ಎಲೆಕ್ಟ್ರಾನ್‌ಗಳಿಗೆ, ಬೇಕಾಗಿದ್ದದ್ದು ನಿಂಬೆಹಣ್ಣಿನೊಳಗಿನದು. ನಮ್ಮ ಕೋಲಾರದ ಗಣಿಯಲ್ಲಿ 2001ರಲ್ಲಿ ಬಾಗಿಲು ಹಾಕುವವರೆಗೂ ತೆಗೆದ ಚಿನ್ನ ಅಲ್ಲಿ ತಯಾರಾದದ್ದಲ್ಲ. ಭೂಮಿ ಹುಟ್ಟುವುದಕ್ಕೂ ಮೊದಲು ನಕ್ಷತ್ರಗಳ ಉತ್ಪಾತಗಳಲ್ಲಿ ಆ ಪ್ರೋಟಾನ್‌ಗಳು ಒಟ್ಟುಗೂಡಿದ್ದವು.

ಕೋಲಾರದ ಮಾತು ಬಂತು, ಒಂದು ಉಪಕಥೆ ಹೇಳಿಬಿಡುತ್ತೇನೆ. ಪ್ರೋಟಾನ್ ಶಾಶ್ವತವೇ, ಅದಕ್ಕೂ ಸಾವಿದೆಯೇ ಎಂಬ ಪ್ರಶ್ನೆಯನ್ನು 1980ರ ದಶಕದಲ್ಲಿ ವಿಜ್ಞಾನಿಗಳು ಕೇಳಿದ್ದು ಆ ಗಣಿಯಲ್ಲೇ, ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ. ಟನ್‌ಗಟ್ಟಲೆ ಕಬ್ಬಿಣವನ್ನು ಪದರ ಪದರವಾಗಿ ಜೋಡಿಸಿ, ಅದರಲ್ಲಿ ಒಂದಾದರೂ ಪ್ರೋಟಾನ್ ಸಾಯುತ್ತದೆಯೇ ಎಂದು ವರ್ಷಗಟ್ಟಲೆ ಕಾದರು. ಜಗತ್ತಿನಲ್ಲಿ ಇಂದಿನವರೆಗೂ ಯಾರಿಗೂ ಪ್ರೋಟಾನಿನ ಸಾವಿಗೆ ಗಟ್ಟಿ ಸಾಕ್ಷಿ ಸಿಕ್ಕಿಲ್ಲ. ಅದೇ ಗಣಿಯ ಆಳದಲ್ಲಿ 1965ರಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಎಂಬ ಕಣದ ಗುರುತು ಸಿಕ್ಕಿತ್ತು. ನಮ್ಮ ಮಕ್ಕಳಿಗೆ ಕೆಜಿಎಫ್ ಎಂದರೆ ಸಿನೆಮಾ ಮಾತ್ರ ನೆನಪಾಗುತ್ತದೆ, ಇರಲಿ.

ಈಗ ಸಮಸ್ಥಾನಿಗಳಿಗೆ ಬರೋಣ. ಐಸೋಟೋಪ್ ಎಂದರೂ ಇದೇ. ಪ್ರೋಟಾನ್ ಎಣಿಕೆ ಬದಲಾದರೆ ಧಾತುವೇ ಬದಲಾಗುತ್ತದೆ. ನ್ಯೂಟ್ರಾನ್ ಎಣಿಕೆ ಬದಲಾದರೆ? ಧಾತು ಅದೇ, ತೂಕ ಮಾತ್ರ ಬೇರೆ. ಒಂದೇ ನಕ್ಷೆಯ ಎರಡು ಮನೆ ಕಟ್ಟಿಸುತ್ತೀರಿ, ಒಂದರ ಪಾಯಕ್ಕೆ ಹೆಚ್ಚು ಕಲ್ಲು ಹಾಕಿಸುತ್ತೀರಿ. ರಸ್ತೆಯಲ್ಲಿ ನಿಂತು ನೋಡಿದವನಿಗೆ ಎರಡೂ ಒಂದೇ. ಬಾಗಿಲು, ಕಿಟಕಿ, ಬಣ್ಣ ಒಂದೇ. ಹಾಗೆಯೇ ಒಂದು ಧಾತುವಿನ ಸಮಸ್ಥಾನಿಗಳ ಎಲೆಕ್ಟ್ರಾನ್ ವ್ಯವಹಾರ ಒಂದೇ. ಧಾತುಗಳ ಕೋಷ್ಟಕದಲ್ಲಿ ಒಂದೇ ಮನೆಯಲ್ಲಿ ಕೂರುವವು ಎಂಬ ಅರ್ಥದಲ್ಲಿ 1913ರಲ್ಲಿ ಫ್ರೆಡರಿಕ್ ಸಾಡಿ ಈ ಹೆಸರನ್ನು ಬಳಕೆಗೆ ತಂದರು. ಅವರಿಗೆ ಆ ಪದ ಸೂಚಿಸಿದವರು ಮಾರ್ಗರೆಟ್ ಟಾಡ್ ಎಂಬ ವೈದ್ಯೆ. ಕನ್ನಡದ 'ಸಮಸ್ಥಾನಿ' ಅದರ ಅರ್ಥವನ್ನು ಸರಿಯಾಗಿ ಹಿಡಿದಿದೆ.

ಹೈಡ್ರೋಜನ್ನನ್ನೇ ನೋಡಿ. ಸಾಮಾನ್ಯ ಹೈಡ್ರೋಜನ್ನಿನಲ್ಲಿ ಒಂದು ಪ್ರೋಟಾನ್, ನ್ಯೂಟ್ರಾನ್ ಇಲ್ಲ. ಒಂದು ನ್ಯೂಟ್ರಾನ್ ಸೇರಿದರೆ ಡ್ಯೂಟೀರಿಯಂ, ಎರಡು ಸೇರಿದರೆ ಟ್ರೀಷಿಯಂ. ಡ್ಯೂಟೀರಿಯಂ ಸೇರಿ ಆದ ನೀರು ಭಾರಜಲ. ಅದು ಎಲ್ಲೋ ಇರುವ ವಸ್ತು ಎಂದುಕೊಳ್ಳಬೇಡಿ. ಪ್ರಕೃತಿಯ ನೀರಿನಲ್ಲಿ ಸುಮಾರು 6,400 ಹೈಡ್ರೋಜನ್ ಪರಮಾಣುಗಳಿಗೆ ಒಂದು ಡ್ಯೂಟೀರಿಯಂ ಇದ್ದೇ ಇರುತ್ತದೆ. ಅಡುಗೆಮನೆಯಲ್ಲಿರುವ 20 ಲೀಟರ್ ಕ್ಯಾನಿನಲ್ಲಿ ಮೂರು ಗ್ರಾಂ ಭಾರಜಲಕ್ಕೆ ಆಗುವಷ್ಟು ಡ್ಯೂಟೀರಿಯಂ ಇದೆ. ನಮ್ಮ ಮೈಯಲ್ಲೂ ಇದೆ. ಅದು ವಿಕಿರಣ ಸೂಸುವುದಿಲ್ಲ, ಯಾರಿಗೂ ತೊಂದರೆ ಇಲ್ಲ.

ಕೈಗಾದಲ್ಲಿ ಈ ಭಾರಜಲವೇ ಮುಖ್ಯ ಸಾಮಗ್ರಿ. ಅಲ್ಲಿ 220 ಮೆಗಾವಾಟಿನ ನಾಲ್ಕು ಘಟಕಗಳಿವೆ. ಉರುವಲು, ಗಣಿಯಿಂದ ಬಂದ ಹಾಗೆಯೇ ಇರುವ ಯುರೇನಿಯಂ. ಅದರಲ್ಲಿ ಸುಲಭವಾಗಿ ಒಡೆಯುವ ಯುರೇನಿಯಂ-235 ಇರುವುದು ನೂರರಲ್ಲಿ 0.72 ಭಾಗ, ಮಿಕ್ಕದ್ದೆಲ್ಲ ಹೆಚ್ಚುಕಡಿಮೆ 238. ಇಷ್ಟು ಬಡ ಉರುವಲಿನಲ್ಲಿ ಬೆಂಕಿ ಆರದಂತೆ ನಡೆಸಬೇಕಾದರೆ, ನ್ಯೂಟ್ರಾನ್‌ಗಳ ವೇಗ ತಗ್ಗಿಸಬೇಕು, ಆದರೆ ಅವನ್ನು ನುಂಗಬಾರದು. ಸಾಧಾರಣ ನೀರು ನುಂಗಿಬಿಡುತ್ತದೆ, ಭಾರಜಲ ಹೆಚ್ಚು ನುಂಗುವುದಿಲ್ಲ. ಅಲ್ಲಿನ ಒಂದನೇ ಘಟಕ 2018ರ ಕೊನೆಯ ದಿನದವರೆಗೆ 962 ದಿನ ಎಡೆಬಿಡದೆ ಓಡಿ ವಿಶ್ವದಾಖಲೆ ಮಾಡಿತು. ನಮ್ಮ ಎಂಜಿನಿಯರುಗಳ ಬಗ್ಗೆ ಹೆಮ್ಮೆಪಡಬೇಕಾದ ಸಂಗತಿ.

ಆದರೆ ಭಾರಜಲವೂ ಆಗೊಮ್ಮೆ ಈಗೊಮ್ಮೆ ಒಂದು ನ್ಯೂಟ್ರಾನ್ ನುಂಗುತ್ತದೆ. ಆಗ ಅದರ ಡ್ಯೂಟೀರಿಯಂ ಟ್ರೀಷಿಯಂ ಆಗುತ್ತದೆ. ಟ್ರೀಷಿಯಂ ನೆಮ್ಮದಿಯ ಪರಮಾಣು ಅಲ್ಲ. ಒಂದು ಎಲೆಕ್ಟ್ರಾನನ್ನು ಉಗುಳಿ ಹೀಲಿಯಂ ಆಗಿಬಿಡುತ್ತದೆ. ಆ ಉಗುಳೇ ವಿಕಿರಣ. 2009ರ ನವೆಂಬರ್ 24ರಂದು ಕೈಗಾ ನೌಕರರ ಮೂತ್ರದ ವಾಡಿಕೆಯ ಪರೀಕ್ಷೆಯಲ್ಲಿ ಕೆಲವರಲ್ಲಿ ಟ್ರೀಷಿಯಂ ಹೆಚ್ಚು ಕಂಡಿತು. ಹುಡುಕುತ್ತಾ ಹೋದರೆ ಮೂಲ ಕುಡಿಯುವ ನೀರಿನ ಒಂದು ಕೂಲರ್. ಯಾರೋ ಬೇಕೆಂದೇ ಟ್ರೀಷಿಯಂ ಇದ್ದ ಭಾರಜಲ ಬೆರೆಸಿದ್ದಾರೆಂದು ಅಧಿಕಾರಿಗಳು ಹೇಳಿದರು. ಐವತ್ತಕ್ಕೂ ಹೆಚ್ಚು ಜನ ಅದನ್ನು ಕುಡಿದಿದ್ದರು.

ಅವರಿಗೆ ರುಚಿ ಬೇರೆ ಅನ್ನಿಸಲಿಲ್ಲವೇ? ಇಲ್ಲ. ರುಚಿ, ವಾಸನೆ, ಬಣ್ಣ ಎಲ್ಲ ಎಲೆಕ್ಟ್ರಾನ್ ವ್ಯವಹಾರ. ಟ್ರೀಷಿಯಂ ಸೇರಿದ ನೀರು ರಸಾಯನದ ಲೆಕ್ಕದಲ್ಲಿ ನೀರೇ. ನಾಲಿಗೆಗೆ ಗೊತ್ತಾಗುವುದಿಲ್ಲ, ಮೂತ್ರಪಿಂಡಕ್ಕೂ ಗೊತ್ತಾಗುವುದಿಲ್ಲ. ಮನೆಯ ಫಿಲ್ಟರಿಗೂ ಗೊತ್ತಾಗುವುದಿಲ್ಲ, ಆರ್‌ಒ ಯಂತ್ರವೂ ಅದನ್ನು ಸಾಮಾನ್ಯ ನೀರೆಂದೇ ದಾಟಿಸುತ್ತದೆ. ಅದರ ವಿಕಿರಣಕ್ಕೆ ಚರ್ಮವನ್ನು ದಾಟುವ ಶಕ್ತಿಯೂ ಇಲ್ಲ, ಬಾಟಲಿಯಲ್ಲಿಟ್ಟು ಪಕ್ಕದಲ್ಲಿ ಕೂತರೆ ಏನೂ ಆಗುವುದಿಲ್ಲ. ಒಳಗೆ ಹೋದರೆ ಮಾತ್ರ ತೊಂದರೆ. ಹಾಗಾದರೆ ಚಿಕಿತ್ಸೆ ಏನು? ಹೆಚ್ಚು ನೀರು ಕುಡಿಸುವುದು, ಹೆಚ್ಚು ಮೂತ್ರ ಹೋಗುವಂತೆ ಮಾಡುವುದು! ದೇಹದ ನೀರು ಹೊಸದಾಗುತ್ತಲೇ ಇರುತ್ತದೆ. ಸುಮ್ಮನಿದ್ದರೂ ಸುಮಾರು ಹತ್ತು ದಿನಕ್ಕೆ ಒಳಗಿನ ಟ್ರೀಷಿಯಂ ಅರ್ಧವಾಗುತ್ತದೆ. ನೀರು ಹೆಚ್ಚು ಕುಡಿದರೆ ಇನ್ನೂ ಬೇಗ. ಟ್ರೀಷಿಯಂ ನೀರಿನಂತೆ ನಡೆದುಕೊಳ್ಳುವುದೇ ಅದರ ಅಪಾಯ, ಅದೇ ಅದರ ಚಿಕಿತ್ಸೆಯೂ ಆಯಿತು.

ಇಲ್ಲಿ 'ಅರ್ಧ' ಎಂಬ ಮಾತು ಬಂತು. ವಿಕಿರಣ ಸೂಸುವ ಪ್ರತಿ ಸಮಸ್ಥಾನಿಗೂ ಒಂದು ಅರ್ಧಾಯುಷ್ಯವಿದೆ, ಎಂದರೆ ಇದ್ದದ್ದು ಅರ್ಧಕ್ಕೆ ಇಳಿಯಲು ಹಿಡಿಯುವ ಕಾಲ. ಟ್ರೀಷಿಯಂಗೆ 12.3 ವರ್ಷ. ಥೈರಾಯ್ಡ್ ಚಿಕಿತ್ಸೆಗೆ ಕೊಡುವ ಅಯೋಡಿನ್-131ಕ್ಕೆ 8 ದಿನ. ಇದನ್ನು ಹೇಳುವಾಗ ನನಗೆ ತಿಳಿದ ಒಂದು ಮನೆಯ ವಿಷಯ ಹೇಳಲೇಬೇಕು. ಆ ಮನೆಯ ಸೊಸೆಗೆ ಥೈರಾಯ್ಡ್ ಕ್ಯಾನ್ಸರಿಗೆ ಅಯೋಡಿನ್-131 ಕೊಟ್ಟರು. ಥೈರಾಯ್ಡ್ ಗ್ರಂಥಿ ಅಯೋಡಿನ್ನನ್ನು ಹುಡುಕಿ ಹಿಡಿದುಕೊಳ್ಳುತ್ತದೆ, 127 ಯಾವುದು 131 ಯಾವುದು ಎಂದು ಅದು ಭೇದ ಮಾಡುವುದಿಲ್ಲ. ಆದ್ದರಿಂದಲೇ ಔಷಧ ಸರಿಯಾದ ಜಾಗಕ್ಕೆ ಮುಟ್ಟುತ್ತದೆ. ಕೆಲವು ದಿನ ಮಕ್ಕಳನ್ನು, ಗರ್ಭಿಣಿಯರನ್ನು ಹತ್ತಿರ ಕೂರಿಸಿಕೊಳ್ಳಬೇಡಿ, ಬೇರೆ ಮಲಗಿ ಎಂದು ಡಾಕ್ಟರು ದಿನ ಎಣಿಸಿ ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಆ ದಿನಗಳನ್ನು ಪಾಲಿಸಲೇಬೇಕು. ಆದರೆ ಮನೆಯವರು ನಾಲ್ಕು ತಿಂಗಳು ಆಕೆಯ ತಟ್ಟೆ ಲೋಟ ಬೇರೆ ಇಟ್ಟರು, ಅಡುಗೆಮನೆಗೆ ಬಿಡಲಿಲ್ಲ, ಮಗುವನ್ನು ಅಜ್ಜಿಯ ಊರಿಗೆ ಕಳಿಸಿದರು. ಮುಟ್ಟಿನ ಸೂತಕ, ಹೆರಿಗೆಯ ಸೂತಕ ನಮ್ಮಲ್ಲಿಲ್ಲ ಎಂದು ಹೇಳಿಕೊಳ್ಳುವ ಮನೆ ಅದು. ಎಂಟು ದಿನಕ್ಕೆ ಅರ್ಧ, ಹದಿನಾರು ದಿನಕ್ಕೆ ಕಾಲು, ಎಂಬತ್ತು ದಿನಕ್ಕೆ ಸಾವಿರದಲ್ಲಿ ಒಂದು. ದೇಹ ಹೊರಹಾಕುವುದನ್ನು ಸೇರಿಸಿದರೆ ಅದಕ್ಕಿಂತ ಬಹಳ ಬೇಗ. ಆ ತಾಯಿ ಮಗುವಿನಿಂದ ದೂರವಿದ್ದ ಮೂರನೇ, ನಾಲ್ಕನೇ ತಿಂಗಳಿಗೆ ಯಾವ ವಿಜ್ಞಾನದ ಆಧಾರವೂ ಇಲ್ಲ.

ಇನ್ನು ನಮ್ಮ ಬೋರ್‌ವೆಲ್ಲಿಗೆ ಬರೋಣ. ಹುಳಿಮಾವಿನ ರಾಮಲಿಂಗೇಶ್ವರ ಗುಹಾದೇವಾಲಯವನ್ನು ಎಲ್ಲರೂ ನೋಡಿದ್ದೀರಿ. ಬಂಡೆಯ ಒಳಗೆ ಹೋಗಿ ನಿಂತರೆ ಬೆಂಗಳೂರಿನ ಪಾಯ ಎಂಥದು ಎಂದು ಗೊತ್ತಾಗುತ್ತದೆ. ನಗರದ ಕೆಳಗೆಲ್ಲ ಗ್ರಾನೈಟ್ ಮತ್ತು ನೈಸ್ ಜಾತಿಯ ಗಟ್ಟಿ ಬಂಡೆ. ಲಾಲ್‌ಬಾಗಿನ ಗುಡ್ಡ ಅದರದೇ ತಲೆ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ವಯಸ್ಸು ಸುಮಾರು 300 ಕೋಟಿ ವರ್ಷ. ಬಂಡೆಗೆ ಜನ್ಮಪತ್ರ ಬರೆದವರು ಯಾರು ಎನ್ನುತ್ತೀರಾ? ಯುರೇನಿಯಂ. ಬಂಡೆಯ ಒಂದೊಂದು ಜಿರ್ಕಾನ್ ಹರಳಿನೊಳಗೆ ಹುಟ್ಟುವಾಗಲೇ ಸ್ವಲ್ಪ ಯುರೇನಿಯಂ ಸಿಕ್ಕಿಬಿದ್ದಿರುತ್ತದೆ. ಯುರೇನಿಯಂ-238ರ ಅರ್ಧಾಯುಷ್ಯ 447 ಕೋಟಿ ವರ್ಷ. ಅದು ಹಂತಹಂತವಾಗಿ ಕ್ಷಯಿಸಿ ಕೊನೆಗೆ ಸೀಸ-206 ಆಗಿ ನಿಲ್ಲುತ್ತದೆ. ಹರಳಿನಲ್ಲಿ ಯುರೇನಿಯಂ ಎಷ್ಟು, ಅದರಿಂದ ಹುಟ್ಟಿದ ಸೀಸ ಎಷ್ಟು ಎಂದು ಅಳೆದರೆ ವಯಸ್ಸು ಸಿಕ್ಕಿತು.

ಅಂದರೆ ನಮ್ಮ ಬಂಡೆಯಲ್ಲಿ ಯುರೇನಿಯಂ ಇದೆ. ಯಾರೂ ತಂದು ಸುರಿದದ್ದಲ್ಲ, ಯಾವ ಕಾರ್ಖಾನೆಯದೂ ಅಲ್ಲ. ಗ್ರಾನೈಟಿನಲ್ಲಿ ಸಾಮಾನ್ಯವಾಗಿ ಟನ್ನಿಗೆ ಕೆಲವು ಗ್ರಾಂ ಇರುತ್ತದೆ. ನಮ್ಮ ಅಜ್ಜಂದಿರ ತೆರೆದ ಬಾವಿ ಮೂವತ್ತು ನಲವತ್ತು ಅಡಿ, ಮೇಲಿನ ಮೊರಂ ಮಣ್ಣಿನಲ್ಲಿ. ಈ ವರ್ಷದ ಮಳೆ ಇಳಿದು ಈ ವರ್ಷವೇ ಬಿಂದಿಗೆಗೆ ಬರುತ್ತಿತ್ತು. ಈಗ ಸಾವಿರ ಅಡಿ ದಾಟಿದ್ದೇವೆ. ಅಲ್ಲಿ ನೀರು ಬಂಡೆಯ ಸೀಳುಗಳಲ್ಲಿ ಎಷ್ಟೋ ಕಾಲ ನಿಂತಿರುತ್ತದೆ. ನಿಂತ ನೀರಿನಲ್ಲಿ ಬೈಕಾರ್ಬೊನೇಟ್ ಹೆಚ್ಚು, ಅದಕ್ಕೆ ಯುರೇನಿಯಂ ಜೊತೆ ನಂಟು. ಎರಡೂ ಸೇರಿ ಕರಗಿ ನೀರಿಗೆ ಬರುತ್ತವೆ. ಕರ್ನಾಟಕದ ಪೂರ್ವ ಜಿಲ್ಲೆಗಳ ಹಳ್ಳಿಗಳ ಬೋರ್‌ವೆಲ್ ನೀರನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಪರೀಕ್ಷಿಸಿದಾಗ ಹಲವು ಕಡೆ ಯುರೇನಿಯಂ ಮಿತಿ ಮೀರಿತ್ತು. ಬಂಡೆಗೆ ಜಿಲ್ಲೆಯ ಗಡಿ ಇಲ್ಲ. ಪ್ರತಿ ಬೋರ್‌ವೆಲ್ಲಿನಲ್ಲೂ ಇದೆ ಎಂದು ನಾನು ಹೇಳುತ್ತಿಲ್ಲ. ಇಪ್ಪತ್ತು ಅಡಿ ಆಚೆಗಿನ ಸೀಳು ಬೇರೆ, ನೀರೂ ಬೇರೆ. ಆದ್ದರಿಂದಲೇ ಪಕ್ಕದ ಮನೆಯ ರಿಪೋರ್ಟು ನಿಮಗೆ ಉಪಯೋಗಕ್ಕೆ ಬರುವುದಿಲ್ಲ.

ಮಿತಿ ಎಂದರೆ ಎಷ್ಟು? ಲೀಟರಿಗೆ 30 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಇದನ್ನೇ, ನಮ್ಮ ಬಿಐಎಸ್ ಕುಡಿಯುವ ನೀರಿನ ಮಾನಕವೂ ಇದನ್ನೇ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಲೆಕ್ಕ 60. ಒಂದೇ ವಸ್ತುವಿಗೆ ಎರಡು ಮಿತಿ ಯಾಕೆ ಎಂದು ಜನ ತಬ್ಬಿಬ್ಬಾಗುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯೇ 1998ರಲ್ಲಿ 2 ಎಂದಿತ್ತು, ಆಮೇಲೆ 15 ಎಂದಿತು, 2011ರಲ್ಲಿ 30 ಎಂದಿತು. ಮನುಷ್ಯರ ಮೇಲಿನ ಅಧ್ಯಯನಗಳು ಹೆಚ್ಚಿದಂತೆ ಮಿತಿ ಸರಿದಿದೆ. 29 ಅಮೃತ, 31 ವಿಷ ಎಂದು ಯಾರೂ ತಿಳಿಯಬೇಕಾಗಿಲ್ಲ. ಆದರೆ 100, 200 ಬಂದರೆ ಅದನ್ನು ವರ್ಷಗಟ್ಟಲೆ ಕುಡಿಯಬಾರದು.

ಈಗ ಮುಖ್ಯ ಪ್ರಶ್ನೆ. ಯಾಕೆ ಕುಡಿಯಬಾರದು? ವಿಕಿರಣಕ್ಕಾಗಿಯೇ? ಲೆಕ್ಕ ಹಾಕಿ ನೋಡೋಣ. 30 ಮೈಕ್ರೋಗ್ರಾಂನಲ್ಲಿ ಏಳುನೂರು ಕೋಟಿ ಕೋಟಿಗೂ ಹೆಚ್ಚು ಯುರೇನಿಯಂ ಪರಮಾಣುಗಳಿವೆ. ಅರ್ಧಾಯುಷ್ಯ 447 ಕೋಟಿ ವರ್ಷವಾದ್ದರಿಂದ ಅಷ್ಟರಲ್ಲಿ ಸೆಕೆಂಡಿಗೆ ಕ್ಷಯಿಸುವುದು ಒಂದಕ್ಕಿಂತಲೂ ಕಡಿಮೆ. ಈಗ ನಿಮ್ಮ ಮೈಯನ್ನು ನೋಡಿ. ಬಾಳೆಹಣ್ಣು, ಎಳನೀರು, ಬೇಳೆ, ಸೊಪ್ಪಿನಿಂದ ಬಂದ ಪೊಟ್ಯಾಸಿಯಂ ಎಲ್ಲರ ದೇಹದಲ್ಲೂ ಇದೆ. ಅದರಲ್ಲಿ ಹತ್ತು ಸಾವಿರಕ್ಕೆ ಒಂದರಂತೆ ಪೊಟ್ಯಾಸಿಯಂ-40 ಎಂಬ ವಿಕಿರಣದ ಸಮಸ್ಥಾನಿ. ಅದು ವಯಸ್ಕರ ಮೈಯಲ್ಲಿ ಸೆಕೆಂಡಿಗೆ ನಾಲ್ಕು ಸಾವಿರದಷ್ಟು ಕ್ಷಯಿಸುತ್ತಿದೆ, ಇಲ್ಲಿ ಕೂತಿರುವಾಗಲೇ. ಯುರೇನಿಯಂ ಉಗುಳುವ ಆಲ್ಫಾ ಕಣದ ಪೆಟ್ಟು ಹೆಚ್ಚು, ಒಂದಕ್ಕೊಂದು ಸಮ ಎನ್ನಲಾಗದು. ಆದರೂ ಈ ಮಟ್ಟದಲ್ಲಿ ಯುರೇನಿಯಂನ ವಿಕಿರಣ ದೊಡ್ಡ ಮಾತಲ್ಲ. ಬಹಳ ದೀರ್ಘ ಆಯುಷ್ಯ ಎಂದರೆ ಬಹಳ ನಿಧಾನ, ನಿಧಾನ ಎಂದರೆ ದುರ್ಬಲ ವಿಕಿರಣ. 'ಕೋಟಿ ವರ್ಷ ಉಳಿಯುವ ವಿಕಿರಣ' ಎಂದು ಟಿವಿಯಲ್ಲಿ ಗಾಬರಿ ಹುಟ್ಟಿಸುವವರಿಗೆ ಈ ಮಾತು ಗೊತ್ತಿರುವುದಿಲ್ಲ.

ಹಾಗಾದರೆ ಕೆಡುಕು ಎಲ್ಲಿದೆ? ಹೊರಗಿನ 92 ಎಲೆಕ್ಟ್ರಾನ್‌ಗಳಲ್ಲಿದೆ. ಸೀಸ, ಪಾದರಸದ ಹಾಗೆ ಯುರೇನಿಯಂ ಒಂದು ಭಾರಲೋಹ. ಕುಡಿದದ್ದರಲ್ಲಿ ರಕ್ತಕ್ಕೆ ಹೋಗುವುದು ನೂರಕ್ಕೆ ಒಂದೆರಡು ಭಾಗ ಮಾತ್ರ. ಅದನ್ನು ಸೋಸುವ ಕೆಲಸ ಮೂತ್ರಪಿಂಡಕ್ಕೆ ಬೀಳುತ್ತದೆ. ಅಲ್ಲಿನ ಸೂಕ್ಷ್ಮ ನಳಿಕೆಗಳಿಗೆ ಅದರ ರಸಾಯನ ಒಗ್ಗುವುದಿಲ್ಲ. ಅದು ಒಂದು ದಿನಕ್ಕೆ ಕಾಣುವ ಕಾಯಿಲೆಯಲ್ಲ, ವರ್ಷಗಳ ಸವೆತ. ಸಕ್ಕರೆ ಕಾಯಿಲೆಯಿಂದಲೋ ರಕ್ತದೊತ್ತಡದಿಂದಲೋ ಮೂತ್ರಪಿಂಡ ಮೊದಲೇ ದಣಿದವರು, ಚಿಕ್ಕ ಮಕ್ಕಳು ಜಾಗ್ರತೆಯಾಗಿರಬೇಕು. ಕೈಗಾದ ನೀರಿನಲ್ಲಿ ರಸಾಯನ ನಿರಪರಾಧಿ, ನ್ಯೂಕ್ಲಿಯಸ್ ಅಪರಾಧಿ. ನಮ್ಮ ಬೋರ್‌ವೆಲ್ಲಿನಲ್ಲಿ ಇದು ತಿರುವುಮುರುವು.

ಅಪರಾಧಿ ರಸಾಯನವಾದರೆ ಒಂದು ಅನುಕೂಲ ಉಂಟು, ಅದನ್ನು ಹಿಡಿಯಬಹುದು. ಟ್ರೀಷಿಯಂ ದಾಟಿಸಿಬಿಡುವ ಆರ್‌ಒ ಯಂತ್ರ, ಯುರೇನಿಯಂನ ಬಹುಪಾಲನ್ನು ತಡೆಯುತ್ತದೆ, ಮೆಂಬ್ರೇನ್ ಸರಿಯಿದ್ದರೆ. ಹಳ್ಳಿಗಳಲ್ಲಿ ನಾಣ್ಯ ಹಾಕಿ ನೀರು ಹಿಡಿಯುವ ಶುದ್ಧ ನೀರಿನ ಘಟಕಗಳೂ ಸಾಮಾನ್ಯವಾಗಿ ಇದೇ ಬಗೆಯವು. ಉದ್ಘಾಟನೆಗೆ ಬರುವಷ್ಟು ಜನ ಮೆಂಬ್ರೇನ್ ಬದಲಿಸುವುದಕ್ಕೆ ಬರುವುದಿಲ್ಲ, ಅದೇ ತೊಂದರೆ. ಕುದಿಸಿದರೆ ಯುರೇನಿಯಂ ಹೋಗುವುದಿಲ್ಲ, ನೀರು ಆವಿಯಾಗಿ ಅದರ ಸಾಂದ್ರತೆ ಸ್ವಲ್ಪ ಹೆಚ್ಚುತ್ತದೆ. ಕ್ಯಾಂಡಲ್ ಫಿಲ್ಟರ್, ಯುವಿ ದೀಪ ಇವು ರೋಗಾಣುಗಳಿಗೆ ಸರಿ, ಇದಕ್ಕಲ್ಲ. ಟಿಡಿಎಸ್ ಮೀಟರನ್ನು ನೀರಿಗೆ ಅದ್ದಿ 'ಯುರೇನಿಯಂ ಇಲ್ಲ' ಎನ್ನುವ ಸೇಲ್ಸ್‌ನವರನ್ನು ನಂಬಬೇಡಿ. ಆ ಮೀಟರ್ ನೂರಾರು ಮಿಲಿಗ್ರಾಂ ಉಪ್ಪನ್ನು ಅಳೆಯುವಂಥದು. 30 ಮೈಕ್ರೋಗ್ರಾಂ ಎಂದರೆ ಒಂದು ಮಿಲಿಗ್ರಾಂನ ನೂರರಲ್ಲಿ ಮೂರು ಭಾಗ.

ಇದೇ ಸಾಲಿಗೆ 'ವಿಕಿರಣ ತಡೆಯುವ' ಲಾಕೆಟ್ಟುಗಳು, ಸ್ಟಿಕ್ಕರುಗಳು, 'ಶಕ್ತಿ ತುಂಬಿದ' ಬಳೆಗಳು. 2021ರ ಡಿಸೆಂಬರಿನಲ್ಲಿ ನೆದರ್ಲೆಂಡ್ಸಿನ ಪರಮಾಣು ಸುರಕ್ಷತಾ ಪ್ರಾಧಿಕಾರ ಇಂಥ ಹತ್ತು ಸರಕುಗಳನ್ನು ಪರೀಕ್ಷಿಸಿ, ಅವೇ ವಿಕಿರಣ ಸೂಸುತ್ತಿವೆ, ಹಾಕಿಕೊಳ್ಳಬೇಡಿ ಎಂದು ಎಚ್ಚರಿಸಿತು. ಮೊಬೈಲಿನಿಂದ ಕಾಪಾಡುತ್ತದೆಂದು ಮಗುವಿನ ಕೊರಳಿಗೆ ಕಟ್ಟಿದ್ದು ಅದು.

ಮಾಡಬೇಕಾದದ್ದನ್ನು ಹೇಳಿ ಮುಗಿಸುತ್ತೇನೆ. ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ನೀರು ಕೊಡಿ. ಮಾಮೂಲು ಪರೀಕ್ಷೆಯ ಪಟ್ಟಿಯಲ್ಲಿ ಗಡಸುತನ, ಫ್ಲೋರೈಡ್, ನೈಟ್ರೇಟ್ ಇರುತ್ತದೆ, ಯುರೇನಿಯಂ ಸಾಮಾನ್ಯವಾಗಿ ಇರುವುದಿಲ್ಲ. ಹೆಸರು ಹೇಳಿ ಕೇಳಬೇಕು. ರಿಪೋರ್ಟಿನಲ್ಲಿ 0.03 ಮಿಲಿಗ್ರಾಂ ಎಂದಿದ್ದರೂ 30 ಮೈಕ್ರೋಗ್ರಾಂ ಎಂದಿದ್ದರೂ ಒಂದೇ. ಸ್ನಾನಕ್ಕೆ, ಬಟ್ಟೆ ಒಗೆಯಲು ಆ ನೀರು ಬಳಸಲು ಹೆದರಬೇಡಿ, ಚರ್ಮದಿಂದ ಅದು ಒಳಗೆ ಹೋಗುವುದು ಗಣನೆಗೆ ಬಾರದಷ್ಟು. ಕುಡಿಯುವುದು, ಅಡುಗೆ, ಇವೆರಡೇ ಲೆಕ್ಕ.

ಆರ್‌ಒ ಒಂದೇ ದಾರಿಯಲ್ಲ. ಮಳೆನೀರಿನಲ್ಲಿ ಬಂಡೆಯ ಯುರೇನಿಯಂ ಇರುವುದಿಲ್ಲ, ಕಾವೇರಿ ನೀರಿನಲ್ಲೂ ಸಾಮಾನ್ಯವಾಗಿ ಬಹಳ ಕಡಿಮೆ. ಬೋರ್‌ವೆಲ್ಲಿನಲ್ಲಿ 50 ಇದ್ದರೆ, ಸಂಪಿನಲ್ಲಿ ಅರ್ಧಕ್ಕರ್ಧ ಬೆರೆಸಿದರೆ 25ಕ್ಕೆ ಇಳಿಯುತ್ತದೆ. ಇದು ಎಂಜಿನಿಯರಿಂಗೂ ಅಲ್ಲ, ಮಜ್ಜಿಗೆಗೆ ನೀರು ಹಾಕುವ ಲೆಕ್ಕ. ಆರ್‌ಒ ಹೊರಹಾಕುವ ನೀರಿನಲ್ಲಿ ಯುರೇನಿಯಂ ಸಾಂದ್ರವಾಗಿರುತ್ತದೆ. ನೆಲ ಒರೆಸಲು, ಶೌಚಕ್ಕೆ ಬಳಸಿ. ಇಂಗುಗುಂಡಿಗೆ ಮಾತ್ರ ಬಿಡಬೇಡಿ, ಅದು ತಿರುಗಿ ನಿಮ್ಮ ಬೋರ್‌ವೆಲ್ಲಿಗೇ ಹೋಗುತ್ತದೆ. ಟ್ಯಾಂಕರ್ ನೀರು ತರಿಸುವವರಿಗೆ ಒಂದು ಪರೀಕ್ಷೆ ಸಾಲದು, ಇಂದು ಒಂದು ಬೋರ್‌ವೆಲ್ಲಿನದು ಬರುತ್ತದೆ, ನಾಳೆ ಇನ್ನೊಂದರದು.

ಬಾಟಲಿಗೆ ನೀರು ಹಿಡಿಯುವಾಗ ಮೋಟಾರ್ ಹತ್ತು ನಿಮಿಷ ಓಡಿಸಿ, ಪೈಪಿನಲ್ಲಿ ನಿಂತದ್ದು ಹೋಗಲಿ. ಆರ್‌ಒ ಆದ ಮೇಲಿನದಲ್ಲ, ಬೋರ್‌ವೆಲ್ಲಿನ ನೇರ ನೀರು ಹಿಡಿಯಿರಿ. ಬಾಟಲಿಯ ಮೇಲೆ ದಿನಾಂಕ, ಬೋರ್‌ವೆಲ್ಲಿನ ಆಳ ಬರೆಯಿರಿ. ಬೇಸಿಗೆಯಲ್ಲಿ ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ ಮಾಡಿಸಿದರೆ ಇನ್ನೂ ಒಳ್ಳೆಯದು. ಅಪಾರ್ಟ್‌ಮೆಂಟುಗಳಲ್ಲಿ ಇರುವವರು ಖರ್ಚು ಹಂಚಿಕೊಳ್ಳಬಹುದು. ಪ್ರಶ್ನೆಗಳಿಗೆ ಹತ್ತು ನಿಮಿಷ ಉಳಿದಿದೆ, ಮೊದಲು ಮಕ್ಕಳು ಕೇಳಲಿ.